ವಾಕರಿಕೆಗೆ ಶುಂಠಿ: ಎಷ್ಟು, ಹೇಗೆ, ಯಾರಿಗೆ ಬೇಡ

ಹೊಟ್ಟೆ ಕೆಟ್ಟಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಜಜ್ಜುವುದು ಶುಂಠಿಯನ್ನೇ. ಹಬ್ಬದ ಊಟ ಹೆಚ್ಚಾದ ದಿನಕ್ಕೆ ಕೈಯಳತೆ ಸಾಕು. ಆದರೆ ಕ್ಯಾನ್ಸರ್‌ಗೆ ಕೀಮೋಥೆರಪಿ ನಡೆಯುತ್ತಿರುವವರು, ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರು, ಡಯಾಲಿಸಿಸ್‌ಗೆ ಹೋಗುವವರು ಈಗಾಗಲೇ ಹಿಡಿ ಮಾತ್ರೆ ನುಂಗುತ್ತಿರುತ್ತಾರೆ. ಅವರಿಗೆ ಶುಂಠಿಯನ್ನೂ ಅಳೆದೇ ಕೊಡಬೇಕು.

ಮೊದಲು ತೊಂದರೆ ಯಾವುದೆಂದು ನೋಡಿ

ಶುಂಠಿ ಹೆಚ್ಚು ಕೆಲಸಕ್ಕೆ ಬರುವುದು ವಾಕರಿಕೆಗೆ. ಎದೆಯುರಿ, ಹುಳಿತೇಗು ಇರುವವರಿಗೆ ಅದರ ಖಾರವೇ ಉಪದ್ರವವಾಗಬಹುದು. ರಕ್ತ ವಾಂತಿ, ಕಪ್ಪು ಮಲ, ಗುಟುಕು ನೀರೂ ನಿಲ್ಲದಂಥ ವಾಂತಿ, ತಡೆಯಲಾಗದ ಹೊಟ್ಟೆನೋವು ಇದ್ದರೆ ಒಲೆ ಹಚ್ಚುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಕೀಮೋ ಔಷಧಿ ಕರುಳಿನ ಕೆಲವು ಕೋಶಗಳಿಂದ ಸೆರೊಟೋನಿನ್ ಎಂಬ ರಾಸಾಯನಿಕ ಹೊರಬರುವಂತೆ ಮಾಡುತ್ತದೆ. ಅದು ನರಗಳನ್ನು ಕೆರಳಿಸಿ ಮಿದುಳಿಗೆ ವಾಂತಿಯ ಸೂಚನೆ ಮುಟ್ಟಿಸುತ್ತದೆ. ವೈದ್ಯರು ಬರೆದುಕೊಡುವ ಒಂಡಾನ್ಸೆಟ್ರಾನ್ ಮಾತ್ರೆ ಈ ದಾರಿಯನ್ನೇ ಮುಚ್ಚುತ್ತದೆ. ಶುಂಠಿಯ ಖಾರಕ್ಕೆ ಕಾರಣವಾದ ಜಿಂಜರಾಲ್, ಶೋಗಾಲ್‌ಗಳೂ ಪ್ರಯೋಗಾಲಯದಲ್ಲಿ ಅದೇ ದಾರಿಗೆ ಅಡ್ಡ ಬರುತ್ತವೆ, ಆದರೆ ಅವುಗಳ ಬಲ ಕಡಿಮೆ. 576 ರೋಗಿಗಳನ್ನು ಗಮನಿಸಿ ಅಮೆರಿಕದಲ್ಲಿ ನಡೆಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೀಮೋಗೆ ಮೂರು ದಿನ ಮೊದಲೇ ಶುಂಠಿಯ ಕ್ಯಾಪ್ಸೂಲ್ ಆರಂಭಿಸಿ ಆರು ದಿನ ಕೊಟ್ಟಿದ್ದರು. ದಿನಕ್ಕೆ ಅರ್ಧ ಗ್ರಾಂ ಅಥವಾ ಒಂದು ಗ್ರಾಂ ಪಡೆದವರಲ್ಲಿ ಕೀಮೋದ ಮೊದಲ ದಿನದ ವಾಕರಿಕೆ ಚೆನ್ನಾಗಿ ತಗ್ಗಿತು. ಒಂದೂವರೆ ಗ್ರಾಂ ಪಡೆದವರಿಗೆ ಅದಕ್ಕಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ. ಹೆಚ್ಚು ಹಾಕಿದಷ್ಟೂ ಗುಣ ಹೆಚ್ಚು ಎಂದು ಕಷಾಯವನ್ನು ಕಣ್ಣಲ್ಲಿ ನೀರು ಬರುವಷ್ಟು ಖಾರ ಮಾಡುವವರು ಇದನ್ನು ಗಮನಿಸಬೇಕು. ಆ ಅಧ್ಯಯನದಲ್ಲಿ ಎಲ್ಲರೂ ವಾಂತಿ ತಡೆಯುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು ಎಂಬುದು ಇನ್ನೂ ಮುಖ್ಯ. ನಂತರದ ಅಧ್ಯಯನಗಳೆಲ್ಲ ಇಷ್ಟು ಸ್ಪಷ್ಟ ಉತ್ತರ ಕೊಟ್ಟಿಲ್ಲ. ಮಾತ್ರೆ ಬಿಟ್ಟು ಶುಂಠಿ ಹಿಡಿಯುವುದಕ್ಕೆ ಯಾವ ಆಧಾರವೂ ಇಲ್ಲ.

ಅಳತೆ

ಮಟ್ಟ ಮಾಡಿದ ಅರ್ಧ ಟೀ ಚಮಚ ಒಣ ಶುಂಠಿ ಪುಡಿ ಸುಮಾರು ಒಂದು ಗ್ರಾಂ ತೂಗುತ್ತದೆ. ಹಸಿ ಶುಂಠಿಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುವುದರಿಂದ ಒಂದು ಗ್ರಾಂ ಪುಡಿಗೆ ಐದು ಗ್ರಾಂ ಹಸಿ ಶುಂಠಿ ಬೇಕು, ಅಂದರೆ ನಾಣ್ಯದಗಲದ ಎರಡು ಮೂರು ಬಿಲ್ಲೆ. ಎರಡರ ಗುಣ ಪೂರ್ತಿ ಒಂದೇ ಅಲ್ಲ. ಒಣಗುವಾಗ ಜಿಂಜರಾಲ್‌ನ ಒಂದಷ್ಟು ಭಾಗ ಶೋಗಾಲ್ ಆಗಿ ಬದಲಾಗುತ್ತದೆ, ಅದರ ಖಾರ ಹೆಚ್ಚು. ಹಾಗಾಗಿ ಹೊಟ್ಟೆ ಸೂಕ್ಷ್ಮವಾಗಿರುವವರು ಹಸಿ ಶುಂಠಿಯಿಂದಲೇ ಆರಂಭಿಸುವುದು ಲೇಸು.

ಕಷಾಯ

ಶುಂಠಿ ಮಣ್ಣಿನೊಳಗೆ ಬೆಳೆಯುವಂಥದ್ದು, ಬೆರಳುಗಳ ಸಂದಿಯಲ್ಲಿ ಮಣ್ಣು ಕೂತಿರುತ್ತದೆ. ಗಂಟುಗಳನ್ನು ಮುರಿದು, ತಿಕ್ಕಿ ತೊಳೆದು, ಸಿಪ್ಪೆ ಹೆರೆಯಿರಿ. ಐದು ಗ್ರಾಂ ಶುಂಠಿಯನ್ನು ಜಜ್ಜಿ ಒಂದೂವರೆ ಲೋಟ ನೀರಿಗೆ ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗಾದ ಮೇಲೆ ಎರಡು ಪಾಲು ಮಾಡಿ, ಬೆಳಿಗ್ಗೆ ಮತ್ತು ಸಂಜೆ ಊಟ ತಿಂಡಿಗೆ ಅರ್ಧ ಗಂಟೆ ಮೊದಲು ಗುಟುಕು ಗುಟುಕಾಗಿ ಕುಡಿಯಲಿ. ಬಿಸಿ ಕಷಾಯದ ವಾಸನೆಗೇ ವಾಕರಿಕೆ ಬರುವವರು ತಣ್ಣಗೆ ಮಾಡಿಕೊಳ್ಳಬಹುದು.

ಮಲೆನಾಡಿನವರು ಇಲ್ಲಿ ತಂಬುಳಿಯ ಮಾತೆತ್ತುತ್ತಾರೆ. ಜೀರಿಗೆ ಹುರಿದು, ಕಾಯಿತುರಿ ಮತ್ತು ಹಸಿ ಶುಂಠಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಕಲಸಿದ ತಂಬುಳಿ ಬಾಯಿ ಕೆಟ್ಟವರಿಗೂ ಎರಡು ತುತ್ತು ಅನ್ನ ಇಳಿಸುತ್ತದೆ, ನಿಜ. ಆದರೆ ಕೀಮೋದಿಂದ ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಹಸಿ ಪದಾರ್ಥ ರುಬ್ಬಿದ್ದು ಬೇಡ, ಕುದಿಸಿದ್ದೇ ಸರಿ.

ಸಕ್ಕರೆ ಕಾಯಿಲೆಯ ಹೊಟ್ಟೆ

ವರ್ಷಾನುಗಟ್ಟಲೆ ಏರಿದ ಸಕ್ಕರೆಯಿಂದ ಜಠರದ ನರ ಹಾಳಾದರೆ ಉಂಡದ್ದು ಕೆಳಗಿಳಿಯಲು ತಡವಾಗುತ್ತದೆ. ನಾಲ್ಕು ತುತ್ತಿಗೇ ಹೊಟ್ಟೆ ಬಿರಿಯುತ್ತದೆ. ತೈವಾನ್‌ನಲ್ಲಿ 24 ಮಂದಿ ಆರೋಗ್ಯವಂತರಿಗೆ 1.2 ಗ್ರಾಂ ಶುಂಠಿ ಕೊಟ್ಟಾಗ ಜಠರ ಬೇಗ ಖಾಲಿಯಾದದ್ದು 2008ರಲ್ಲಿ ವರದಿಯಾಯಿತು. ಸದಾ ಅಜೀರ್ಣದಿಂದ ಬಳಲುವ 11 ಮಂದಿಗೆ ಕೊಟ್ಟಾಗಲೂ ಜಠರ ಬೇಗ ಖಾಲಿಯಾಯಿತು, ಆದರೆ ಅವರ ಸಂಕಟ ಕಡಿಮೆಯಾಗಲಿಲ್ಲ! ಆದ್ದರಿಂದ ಒಂದೆರಡು ವಾರ ನೋಡಿ, ಉಪಯೋಗ ಕಾಣದಿದ್ದರೆ ಬಿಟ್ಟುಬಿಡಿ. ಜಠರ ನಿಧಾನವಾದವರು ಶುಂಠಿಯ ನಾರು ನುಂಗಬಾರದು, ಅದು ಒಳಗೇ ಉಂಡೆಗಟ್ಟುವ ಭಯವಿದೆ. ಬೆಲ್ಲ, ಜೇನುತುಪ್ಪ, ಶುಂಠಿ ಪೆಪ್ಪರಮೆಂಟು ಇವರಿಗೆ ಸಲ್ಲವೆಂದು ಬೇರೆ ಹೇಳಬೇಕಿಲ್ಲ.

ಡಯಾಲಿಸಿಸ್‌ನಲ್ಲಿರುವವರು ಕುಡಿಯುವ ಕಷಾಯವೂ ದಿನದ ನೀರಿನ ಲೆಕ್ಕಕ್ಕೆ ಸೇರುತ್ತದೆ. ಅವರಿಗೆ ತೆಳ್ಳನೆಯ ಒಂದು ಬಿಲ್ಲೆಯನ್ನು ಅಗಿದು, ರಸ ನುಂಗಿ, ನಾರು ಉಗಿಯುವುದು ಅನುಕೂಲ. ಉಪ್ಪು ಸವರಿದ ಶುಂಠಿ ಬೇಡ, ಬಾಯಾರಿಕೆ ಹೆಚ್ಚುತ್ತದೆ.

ಯಾರು ಮೊದಲು ಕೇಳಬೇಕು

ವಾರ್ಫರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರು, ಕೀಮೋದಿಂದ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇಳಿದವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು ವೈದ್ಯರನ್ನು ಕೇಳದೆ ಶುಂಠಿಯನ್ನು ಔಷಧಿಯಂತೆ ತೆಗೆದುಕೊಳ್ಳಬಾರದು. ಸಾರಿಗೆ, ಪಲ್ಯಕ್ಕೆ ಬೀಳುವ ಚೂರಿನ ಮಾತು ಬೇರೆ. ಕೇಳುವಾಗ ‘ಸ್ವಲ್ಪ ಶುಂಠಿ ಕುಡಿಯುತ್ತೇನೆ’ ಎನ್ನದೆ ದಿನಕ್ಕೆ ಎಷ್ಟು ಚಮಚ, ಎಷ್ಟು ಬಿಲ್ಲೆ, ಯಾವಾಗಿನಿಂದ ಎಂದು ಮಾತ್ರೆಗಳ ಚೀಟಿಯಲ್ಲೇ ಬರೆದುಕೊಂಡು ಹೋಗಿ ತೋರಿಸಿ.