ಬಂಡಾಯಗಾರರಿಗೆ ಸಿಕ್ಕ ಮಾನ್ಯತೆ ಎಷ್ಟು ಗಟ್ಟಿ? ಪರೀಕ್ಷಿಸುವ ಬಗೆ

‘ವಿರೋಧಿ ಬಣಕ್ಕೆ ಮಾನ್ಯತೆ’ ಎಂಬ ಸುದ್ದಿ ಬಂದ ಕೂಡಲೇ ಹೊಸ ಸರ್ಕಾರ ಬಂತೆಂದು ಬರೆಯಬೇಡಿ. ಮಾನ್ಯತೆ ಕೊಟ್ಟ ದೇಶದ ಮೂಲ ಹೇಳಿಕೆ ತೆರೆದು, ಬಣವನ್ನು ಏನೆಂದು ಕರೆದಿದ್ದಾರೆ ನೋಡಿ. ‘ಜನರ ಪ್ರತಿನಿಧಿ’ ಎಂದಷ್ಟೇ ಇದ್ದರೆ ಅದು ರಾಜಕೀಯ ಬೆಂಬಲ. ಕಾನೂನಿನ ಲೆಕ್ಕದಲ್ಲಿ ಹಳೆಯ ಸರ್ಕಾರ ಇನ್ನೂ ಇದೆ. ‘ಆಡಳಿತಾಧಿಕಾರ’ ಎಂದಿದ್ದರೆ ವಿಷಯ ಬೇರೆ: ಬಣವನ್ನೇ ಸರ್ಕಾರದ ಸ್ಥಾನದಲ್ಲಿ ಕಂಡಂತೆ.

2011ರ ಲಿಬಿಯಾವನ್ನೇ ತೆಗೆದುಕೊಳ್ಳಿ. ಗಡಾಫಿಯ ಆಳ್ವಿಕೆಯ ವಿರುದ್ಧ ಬಂಡೆದ್ದವರು ಬೆಂಗಾಜಿಯಲ್ಲಿ ಕಟ್ಟಿದ ರಾಷ್ಟ್ರೀಯ ಪರಿವರ್ತನಾ ಮಂಡಳಿಯನ್ನು ಫ್ರಾನ್ಸ್ ಮಾರ್ಚ್ 10ರಂದೇ ಜನರ ಪ್ರತಿನಿಧಿ ಎಂದಿತು. ಅಮೆರಿಕ ಅದನ್ನು ಆಡಳಿತಾಧಿಕಾರವುಳ್ಳದ್ದೆಂದು ಒಪ್ಪಿದ್ದು ಜುಲೈ 15ರಂದು, ಇಸ್ತಾಂಬುಲ್‌ನಲ್ಲಿ. ಜುಲೈ 27ರಂದು ಬ್ರಿಟನ್ ಗಡಾಫಿಯ ರಾಜತಾಂತ್ರಿಕರನ್ನು ಹೊರಹಾಕಿ, ಮಂಡಳಿಯ ದೂತನನ್ನು ಕಳಿಸಲು ಹೇಳಿತು. ಹಾಗಾಗಿ ಎರಡನೆಯದಾಗಿ ಕೇಳಬೇಕಾದ್ದು: ರಾಯಭಾರ ಕಚೇರಿಯ ಬೀಗದ ಕೈ ಯಾರ ಬಳಿ? (1980ರಿಂದ ಬ್ರಿಟನ್‌ನದು ಮಾನ್ಯತೆ ರಾಷ್ಟ್ರಗಳಿಗೆ ಮಾತ್ರ, ಸರ್ಕಾರಗಳಿಗಲ್ಲ ಎಂಬ ನೀತಿ. ಅಂಥ ದೇಶ ಸುಮ್ಮನಿದ್ದರೆ ಅದನ್ನು ನಿರಾಕರಣೆ ಎನ್ನಬೇಡಿ.)

ಆಮೇಲೆ ಹಣ. ಹೆಚ್ಚಿನವರು ಎಡವುವುದು ಇಲ್ಲೇ. ಲಿಬಿಯಾದ ಆಸ್ತಿಯನ್ನು ತಡೆಹಿಡಿದದ್ದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 1970 ಮತ್ತು 1973 ಸಂಖ್ಯೆಯ ನಿರ್ಣಯಗಳು. ಆದ್ದರಿಂದ ಒಂದು ದೇಶ ಮಾನ್ಯತೆ ಕೊಟ್ಟ ಮಾತ್ರಕ್ಕೆ ದುಡ್ಡು ಬಿಡುಗಡೆಯಾಗದು. ಅಮೆರಿಕದಲ್ಲಿದ್ದ 150 ಕೋಟಿ ಡಾಲರ್‌ಗೆ ವಿಶ್ವಸಂಸ್ಥೆಯ ನಿರ್ಬಂಧ ಸಮಿತಿ ಒಪ್ಪಿದ್ದು ಆಗಸ್ಟ್ 25ರಂದು, ಬಂಡಾಯಗಾರರು ಟ್ರಿಪೊಲಿಗೆ ನುಗ್ಗಿದ ಮೇಲೆ.

ಕೊನೆಗೆ ವಿಶ್ವಸಂಸ್ಥೆಯ ಕುರ್ಚಿ. ಅದನ್ನು ಯಾವ ಒಂದು ದೇಶವೂ ಕೊಡಲಾರದು. ಪ್ರತಿನಿಧಿಗಳ ಅಧಿಕಾರಪತ್ರ ಸಾಮಾನ್ಯ ಸಭೆಯಲ್ಲಿ ಅಂಗೀಕಾರವಾಗಬೇಕು. ಲಿಬಿಯಾದ ಮಂಡಳಿಗೆ ಅದು ಸಿಕ್ಕಿದ್ದು ಸೆಪ್ಟೆಂಬರ್ 16ರಂದು: ಪರ 114, ವಿರುದ್ಧ 17, ತಟಸ್ಥ 15.

ಸಿರಿಯಾದಲ್ಲಿ ಈ ಕೊನೆಯ ಮೆಟ್ಟಿಲು ದಾಟಲಾಗಲೇ ಇಲ್ಲ. 2012ರ ನವೆಂಬರ್ 11ರಂದು ದೋಹಾದಲ್ಲಿ ಹುಟ್ಟಿದ ವಿರೋಧಿ ಒಕ್ಕೂಟವನ್ನು ಎರಡೇ ದಿನದಲ್ಲಿ ಫ್ರಾನ್ಸ್ ಮಾನ್ಯ ಮಾಡಿತು. 2013ರ ಮಾರ್ಚ್‌ನಲ್ಲಿ ಅರಬ್ ಲೀಗ್ ಶೃಂಗಸಭೆಯಲ್ಲಿ ಸಿರಿಯಾದ ಆಸನವೂ ಸಿಕ್ಕಿತು. ಆದರೆ 2024ರ ಡಿಸೆಂಬರ್‌ನಲ್ಲಿ ಪತನವಾಗುವವರೆಗೂ ವಿಶ್ವಸಂಸ್ಥೆಯಲ್ಲಿ ಅಸಾದ್ ಸರ್ಕಾರವೇ ಉಳಿಯಿತು. ರಾಜಧಾನಿ, ಕೇಂದ್ರ ಬ್ಯಾಂಕ್ ಎರಡೂ ಅದರ ಕೈಯಲ್ಲಿದ್ದವು. 2023ರ ಮೇನಲ್ಲಿ ಅರಬ್ ಲೀಗ್ ಕೂಡ ಅದನ್ನೇ ಮರಳಿ ಕರೆಯಿತು.

ನೆಲದ ಮೇಲೆ ಹಿಡಿತ ಬರುವ ಮೊದಲೇ ‘ಸರ್ಕಾರ’ ಎಂದರೆ ಆಂತರಿಕ ವ್ಯವಹಾರದಲ್ಲಿ ಕೈಹಾಕಿದ ಆರೋಪ ಬರುತ್ತದೆ. 1971ರ ಏಪ್ರಿಲ್ 17ರಂದು ಮುಜಿಬ್‌ನಗರದಲ್ಲಿ ಪ್ರಮಾಣವಚನ ಸ್ವೀಕರಿಸಿದ ಬಾಂಗ್ಲಾ ಸರ್ಕಾರಕ್ಕೆ ಭಾರತ ಆಶ್ರಯ, ತರಬೇತಿ ಎಲ್ಲ ಕೊಟ್ಟಿತು. ಮಾನ್ಯತೆಯನ್ನು ಮಾತ್ರ ತಡೆದಿಟ್ಟು, ಯುದ್ಧ ಶುರುವಾದ ಮೇಲೆ ಡಿಸೆಂಬರ್ 6ರಂದು ಕೊಟ್ಟಿತು. ಅದು ಹೊಸ ರಾಷ್ಟ್ರದ ಪ್ರಶ್ನೆ, ನಿಜ. ಆದರೂ ಕೊಟ್ಟ ನೆರವನ್ನೂ ಕೊಟ್ಟ ಮಾನ್ಯತೆಯನ್ನೂ ಬೇರೆ ಬೇರೆ ಸಾಲಿನಲ್ಲಿ, ತಾರೀಖಿನ ಸಮೇತ ಬರೆದಿಟ್ಟುಕೊಳ್ಳಿ.