ಉಪ್ಪುನೀರಿನಿಂದ ಲಿಥಿಯಂ ಹೆಕ್ಕುವುದು ಹೇಗೆ?

ಕೋಲಾರದ ಹೊಸ ಬಡಾವಣೆಗಳಲ್ಲಿ ಎಷ್ಟೋ ಮನೆಗಳ ತಾರಸಿ ಮೇಲೆ, ಟ್ಯಾಂಕಿನ ಪಕ್ಕ ಒಂದು ಉದ್ದನೆಯ ಸಿಲಿಂಡರ್ ನಿಂತಿರುತ್ತದೆ. ಅದೇ ವಾಟರ್ ಸಾಫ್ಟ್‌ನರ್. ನಮ್ಮ ಬೋರ್‌ವೆಲ್ ನೀರು ಅಷ್ಟು ಗಡಸು. ಸಿಲಿಂಡರಿನೊಳಗೆ ರೆಸಿನ್ ಮಣಿಗಳಿರುತ್ತವೆ. ನೀರು ಹಾದು ಹೋಗುವಾಗ ಅವು ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಳ್ಳುತ್ತವೆ. ಮಣಿ ತುಂಬಿದ ಮೇಲೆ ಉಪ್ಪುನೀರು ಬಿಟ್ಟು ತೊಳೆದರೆ ಮತ್ತೆ ಕೆಲಸಕ್ಕೆ ಸಿದ್ಧ. ಇಷ್ಟು ಗೊತ್ತಿದ್ದರೆ ಬ್ಯಾಟರಿಗೆ ಬೇಕಾದ ಲಿಥಿಯಂ ತೆಗೆಯುವ ಹೊಸ ವಿಧಾನ ಮುಕ್ಕಾಲು ಪಾಲು ಗೊತ್ತಿದ್ದಂತೆ.

ಮೊದಲು ಹಳೆಯದನ್ನು ನೋಡೋಣ. ಚಿಲಿಯ ಅಟಕಾಮ ಮರುಭೂಮಿಯಲ್ಲಿ ನೆಲದಡಿಯ ಲಿಥಿಯಂ ಇರುವ ಉಪ್ಪುನೀರನ್ನು ಮೇಲೆತ್ತಿ, ದೊಡ್ಡ ದೊಡ್ಡ ಹೊಂಡಗಳಲ್ಲಿ ಬಿಸಿಲಿಗೆ ಬಿಡುತ್ತಾರೆ. 12ರಿಂದ 18 ತಿಂಗಳು ಕಾಯಬೇಕು. ಹೆಚ್ಚುಕಡಿಮೆ ಅರ್ಧ ಲಿಥಿಯಂ ಬೇರೆ ಉಪ್ಪುಗಳ ಜೊತೆ ಸೇರಿ ಕೈತಪ್ಪುತ್ತದೆ. ನನಗೆ ಜಾಸ್ತಿ ಸಂಕಟವಾಗುವುದು ನೀರಿನ ಬಗ್ಗೆ. ಒಂದು ಟನ್ ಲಿಥಿಯಂ ಕಾರ್ಬೊನೇಟಿಗೆ ಲಕ್ಷಗಟ್ಟಲೆ ಲೀಟರ್ ಆವಿಯಾಗಿ ಹೋಗುತ್ತದೆ. ಸಾವಿರ ಅಡಿ ಕೊರೆದು ನೀರಿಗೆ ಕಾಯುವ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊಸ ವಿಧಾನದಲ್ಲಿ ನೀರನ್ನು ಆವಿ ಮಾಡುವುದಿಲ್ಲ, ಲಿಥಿಯಂ ಒಂದನ್ನೇ ಹೆಕ್ಕುತ್ತಾರೆ. ಮೇಲೆತ್ತಿದ ಉಪ್ಪುನೀರನ್ನು ಸೋಸಿ, ಮಣಿ ತುಂಬಿದ ಎತ್ತರದ ಕೊಳವೆಗೆ ಬಿಡುತ್ತಾರೆ. ಈ ಮಣಿಗಳಲ್ಲಿ ಅಲ್ಯೂಮಿನಿಯಂ ಸಂಯುಕ್ತದ ತೆಳು ಪದರಗಳಿವೆ. ಲಿಥಿಯಂ ಅಯಾನು (ನೀರಲ್ಲಿ ಕರಗಿರುವ ವಿದ್ಯುದಾವೇಶದ ಕಣ) ಬಹಳ ಚಿಕ್ಕದು, ಪದರಗಳ ನಡುವೆ ನುಸುಳಿ ಕೂರುತ್ತದೆ. ಸೋಡಿಯಂ, ಪೊಟ್ಯಾಸಿಯಂ ಗಾತ್ರದಲ್ಲಿ ದೊಡ್ಡವು, ಅವಕ್ಕೆ ಅಲ್ಲಿ ಜಾಗವಿಲ್ಲ. ತಿಂಗಳುಗಳ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ. ಅರ್ಜೆಂಟೀನಾದ ಓಂಬ್ರೆ ಮುಯೆರ್ತೊ ಎಂಬ ಉಪ್ಪು ಬಯಲಿನಲ್ಲಿ 1990ರ ದಶಕದಿಂದಲೇ ಇಂಥ ಮಣಿಗಳು ಬಳಕೆಯಲ್ಲಿವೆ, ಆದರೆ ಹೊಂಡಗಳ ಜೊತೆಗೆ.

ಮುಂದಿನದು ತೊಳೆಯುವ ಹಂತ. ಸಿಹಿನೀರು ಹಾಯಿಸಿದರೆ ಲಿಥಿಯಂ ಮಣಿ ಬಿಟ್ಟು ಬರುತ್ತದೆ. ಮ್ಯಾಂಗನೀಸ್ ಅಥವಾ ಟೈಟಾನಿಯಂ ಆಕ್ಸೈಡಿನ ಮಣಿಗಳಾದರೆ ಆ್ಯಸಿಡ್ ಬೇಕು. ಆ್ಯಸಿಡ್ಡಿಗೆ ಮ್ಯಾಂಗನೀಸ್ ಚೂರುಚೂರೇ ಕರಗಿ ಮಣಿ ಸವೆಯುತ್ತದೆ. ಇಲ್ಲಿ ಎಚ್ಚರ ಬೇಕು. ‘ಕ್ಲೀನ್’ ಎಂದು ಹೇಳಿಕೊಳ್ಳುವ ಕೆಲವು ಘಟಕಗಳು ಈ ಹಂತದಲ್ಲಿ ಹೊಂಡದ ವಿಧಾನಕ್ಕಿಂತ ಹೆಚ್ಚು ಸಿಹಿನೀರು ಬಳಸುತ್ತವೆ. ತೊಳೆದ ನೀರನ್ನೇ ಆರ್‌ಒ ಮಾಡಿ ಮತ್ತೆ ಬಳಸಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ಆರ್‌ಒ ನೀರನ್ನು ಬೇರೆ ಮಾಡುವುದರಿಂದ ಉಳಿದ ಲಿಥಿಯಂ ದ್ರಾವಣವೂ ಸಾಂದ್ರವಾಗುತ್ತದೆ. ಅದರಲ್ಲಿ ಉಳಿದ ಕ್ಯಾಲ್ಸಿಯಂ, ಮೆಗ್ನೀಷಿಯಂ ತೆಗೆಯಲು ರೆಸಿನ್ ಬಳಸುತ್ತಾರೆ. ನಮ್ಮ ತಾರಸಿಯ ಸಾಫ್ಟ್‌ನರಿನ ಕೆಲಸವೇ ಅದು! ಕೊನೆಗೆ ದ್ರಾವಣ ಕಾಯಿಸಿ ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್) ಹಾಕಿದರೆ ಲಿಥಿಯಂ ಕಾರ್ಬೊನೇಟಿನ ಬಿಳಿ ಪುಡಿ ತಳಕ್ಕೆ ಕೂರುತ್ತದೆ. ಸಕ್ಕರೆ ಬಿಸಿನೀರಲ್ಲಿ ಚೆನ್ನಾಗಿ ಕರಗುತ್ತದೆ ಅಲ್ವಾ? ಇದು ಉಲ್ಟಾ, ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ನಮ್ಮ ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟುವುದಕ್ಕೂ ಇಂಥದೇ ಗುಣ ಕಾರಣ.

ಈಗ ನಾನು ಮುಖ್ಯ ಅಂದುಕೊಂಡಿರುವ ಹಂತ: ಲಿಥಿಯಂ ತೆಗೆದ ಮೇಲೆ ಉಳಿಯುವ ಉಪ್ಪುನೀರು ಎಲ್ಲಿಗೆ? ಗಣಿಯ ಉಳಿಕೆ ಏನಾಗುತ್ತದೆ ಎಂಬುದು ನಮಗೆ ಗೊತ್ತು. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಚಿನ್ನ ತೆಗೆದು ಬಿಟ್ಟ ಪುಡಿಯ ಸೈನೈಡ್ ಗುಡ್ಡಗಳು ಇನ್ನೂ ಇವೆ, ಗಾಳಿ ಬೀಸಿದರೆ ಪುಡಿ ಹಾರಿ ಮನೆಗಳ ಒಳಗೆ ಬರುತ್ತದೆ. 2024ರ ಜನವರಿಯಲ್ಲಿ ನಮ್ಮ ಕೇಂದ್ರ ಸರ್ಕಾರಿ ಕಂಪನಿ ‘ಕಾಬಿಲ್’ ಅರ್ಜೆಂಟೀನಾದ ಕಟಮಾರ್ಕ ಪ್ರಾಂತ್ಯದಲ್ಲಿ ಐದು ಉಪ್ಪುನೀರಿನ ಬ್ಲಾಕ್‌ಗಳಿಗೆ ಒಪ್ಪಂದ ಮಾಡಿಕೊಂಡಿದೆ. ಹಾಗಾಗಿ ಈ ಪ್ರಶ್ನೆ ಈಗ ನಮ್ಮದೂ ಹೌದು.

ಉಳಿದ ನೀರನ್ನು ಬೇರೆ ಕೊಳವೆಬಾವಿಯಿಂದ ನೆಲದೊಳಕ್ಕೇ ವಾಪಸ್ ಬಿಡಬಹುದು. ಹಾಗೆ ಮಾಡಿದರೆ ಅಂತರ್ಜಲ ಕುಸಿಯುವುದು ಕಡಿಮೆಯಾಗುತ್ತದೆ. ಆದರೆ ಸುಮ್ನೆ ಎಲ್ಲೋ ಒಂದು ಕಡೆ ಬಿಟ್ಟರೆ, ಲಿಥಿಯಂ ಕಳೆದುಕೊಂಡ ನೀರು ಒಳಗಿನ ಒಳ್ಳೆಯ ಉಪ್ಪುನೀರಿಗೆ ಬೆರೆತು ಅದನ್ನೂ ತೆಳುವಾಗಿಸುತ್ತದೆ. ಪಕ್ಕದ ಸಿಹಿನೀರಿನ ಮಟ್ಟವೂ ಏರುಪೇರಾಗಬಹುದು. ಅದಕ್ಕೇ ಪಂಪ್ ಶುರು ಮಾಡುವ ಮೊದಲೇ ಸುತ್ತ ಅಳತೆ ಬಾವಿಗಳನ್ನು ಕೊರೆದು, ನೀರಿನ ಮಟ್ಟ ಮತ್ತು ಉಪ್ಪಿನಂಶ ಬರೆದಿಟ್ಟುಕೊಳ್ಳಬೇಕು. ಆ ಲೆಕ್ಕ ಅಲ್ಲಿನ ಹಳ್ಳಿಯವರ ಕೈಗೂ ಸಿಗಬೇಕು.