ಕೊನೆಗೂ ಪ್ಲಾಕ್ ಕಂಡವು: ಪಿಎಫ್‌ಒಎಸ್ ಇಲಿಗಳ ಜೊತೆ ನನ್ನ ಅನುಭವ

"ಎಲೈಸಾ ಕಿಟ್ ಇರುವಾಗ 1963ರ ಕಾಲದ ಪ್ಲಾಕ್ ಎಣಿಸೋಕೆ ಯಾಕೆ ಕೂರ್ತೀಯಾ?" ನಾರ್ತ್ ಕೆರೊಲಿನಾದ ನಮ್ಮ ಲ್ಯಾಬಿನಲ್ಲಿ ಎಲ್ಲರದೂ ಇದೇ ಮಾತು. ಹದಿನಾಲ್ಕು ತಿಂಗಳು ನನಗೂ ಹಾಗೇ ಅನ್ನಿಸಿತ್ತು. ಪಿಎಫ್‌ಒಎಸ್ ಅನ್ನೋ, ಸುಲಭಕ್ಕೆ ಕೊಳೆಯದ ರಾಸಾಯನಿಕ ಇಲಿಗಳ ಪ್ರತಿಕಾಯ ತಯಾರಿಕೆಯನ್ನು ಕುಗ್ಗಿಸುತ್ತದೆಯೇ ಅಂತ ನೋಡುವುದು ನನ್ನ ಕೆಲಸ. ಎಲೈಸಾ ಪ್ರತಿಕಾಯವನ್ನು ನೇರ ಅಳೆಯುವ ಸಿದ್ಧ ಪರೀಕ್ಷೆ. ಪ್ಲಾಕ್ ದಾರಿ ಬೇರೆ: ಇಲಿಗೆ ಕುರಿಯ ರಕ್ತಕಣ ಚುಚ್ಚಿ, ಆಮೇಲೆ ಅದರ ಸ್ಪ್ಲೀನ್ (ಗುಲ್ಮ) ಕೋಶಗಳನ್ನು ಕುರಿ ರಕ್ತಕಣದ ತೆಳು ಹಾಸಿನಲ್ಲಿಟ್ಟರೆ, ಪ್ರತಿಕಾಯ ಮಾಡುವ ಕೋಶದ ಸುತ್ತ ರಕ್ತಕಣ ಒಡೆದು ತೂತು ಬೀಳುತ್ತದೆ. ಆ ತೂತೇ ಪ್ಲಾಕ್.

ಮೊದಲ ಬ್ಯಾಚಿಗೆ ಪಿಎಫ್‌ಒಎಸ್ ಅನ್ನು ನೀರಿನ ಬಾಟಲಿಗೇ ಹಾಕಿದೆ. ಅರ್ಧ ಸೋರಿ ಪಂಜರಕ್ಕೆ ಹಾಸಿದ ಹೊಟ್ಟಿಗೆ ಹೋಯಿತು. ಯಾವ ಇಲಿ ಎಷ್ಟು ಕುಡಿಯಿತೋ ದೇವರಿಗೇ ಗೊತ್ತು. 2008ರಲ್ಲಿ ಸೌತ್ ಕೆರೊಲಿನಾದವರು 28 ದಿನ ಬಾಯಿಗೆ ಕೊಟ್ಟು, ತೀರಾ ಕಡಿಮೆ ಡೋಸಿನಲ್ಲೇ ಪ್ಲಾಕ್ ಇಳಿದದ್ದು ನೋಡಿದ್ದರು. 2010ರಲ್ಲಿ ಸ್ಟಾಕ್‌ಹೋಮಿನವರು ಆಹಾರದಲ್ಲಿ ಕೊಟ್ಟಾಗ ಏನೂ ಆಗಲಿಲ್ಲ. ಹಾಗಾಗಿ ನಾನೂ ಬಾಯಿಂದ ನೇರ ಹೊಟ್ಟೆಗೆ ಹನಿಸುವ ಗವಾಜ್ ಸೂಜಿ ಹಿಡಿದೆ. 28 ದಿನ, ಭಾನುವಾರವೂ ಬಿಡದೆ.

ಎರಡನೇ ಬ್ಯಾಚಿನಲ್ಲಿ ಡೋಸ್ ಜಾಸ್ತಿಯಾಯಿತು. ಇಲಿಗಳು ಬಡಕಲಾದವು, ಥೈಮಸ್ (ಎದೆಯೊಳಗಿನ ರೋಗನಿರೋಧಕ ಗ್ರಂಥಿ) ಮುದುಡಿ ಹೋಗಿತ್ತು. ಇದು ರಾಸಾಯನಿಕದ ಕೆಲಸವೋ, ಬರೀ ಸ್ಟ್ರೆಸ್ಸೋ? ಹೇಳೋಕಾಗಲ್ಲ. ಆರು ಸಾವಿರ ಡಾಲರ್ ಹತ್ತಿರ ಹೋಯಿತು.

ಮೂರನೆಯದು ಇನ್ನೂ ಬೇಸರ. ಪ್ರತಿಕಾಯ ಕುಗ್ಗಿಸುವುದು ಖಚಿತವಿರುವ ಸೈಕ್ಲೋಫಾಸ್ಫಮೈಡ್ ಔಷಧದ ಗುಂಪು ಬಿಡಿ, ರಾಸಾಯನಿಕ ಕೊಡದ ಕಂಟ್ರೋಲ್ ಇಲಿಗಳಲ್ಲೂ ಸೊನ್ನೆ! ರಕ್ತಕಣ ಒಡೆಯಲು ಬೇಕಾದ ಗಿನಿಪಿಗ್ ಕಾಂಪ್ಲಿಮೆಂಟ್ (ಸೀರಮ್ ಪ್ರೋಟೀನುಗಳು) ಅನ್ನು ಯಾರೋ ಎರಡು ಸಲ ಕರಗಿಸಿ ಮತ್ತೆ ಫ್ರೀಜರಿಗೆ ಇಟ್ಟು ಕೆಡಿಸಿದ್ದರು. ಅದಾದ ಮೇಲೆ ಕುರಿ ರಕ್ತದ ಸರದಿ. ಹೊಸ ಲಾಟ್ ಬಂದಾಗ ಮಿಲಿಯನ್ ಕೋಶಕ್ಕೆ ಸಾವಿರದೈನೂರರಷ್ಟು ಬರುತ್ತಿದ್ದ ಪ್ಲಾಕ್ ಇನ್ನೂರಕ್ಕೆ ಇಳಿಯಿತು. ಎಲ್ಲ ಕುರಿಯೂ ಒಂದೇ ಅಲ್ಲ. ಐದಾರು ಕುರಿಗಳನ್ನು ಪರೀಕ್ಷಿಸಿ, ಒಂದನ್ನು ಆರಿಸಿ, ಅದರದ್ದೇ ರಕ್ತ ತರಿಸಿಕೊಂಡೆ. ಹೇಗೆ ಆರಿಸಿದೆ ಅನ್ನೋದು ನನ್ನ ಬಳಿಯೇ ಇರಲಿ.

ಮಧ್ಯೆ ಚಪಲಕ್ಕೆ ನನ್ನ ಸಣ್ಣ ಇಲಿಗಳನ್ನು ಬಿಟ್ಟು, ದೊಡ್ಡ ಜಾತಿಯ ಹೆಣ್ಣು ರ‍್ಯಾಟ್‌ಗಳಿಗೆ ಪಿಎಫ್‌ಒಎ ಅನ್ನೋ ಅದೇ ಬಳಗದ ರಾಸಾಯನಿಕ ಕೊಟ್ಟು ನೋಡಿದೆ. ಏನೂ ಆಗಲಿಲ್ಲ. ಹೆಣ್ಣು ರ‍್ಯಾಟ್ ಅದನ್ನು ಕೆಲವೇ ಗಂಟೆಗಳಲ್ಲಿ ಉಚ್ಚೆಯಲ್ಲಿ ಹೊರಹಾಕುತ್ತದೆ, ಗಂಡಿನಲ್ಲಿ ದಿನಗಟ್ಟಲೆ ಉಳಿಯುತ್ತದೆ. ಓದಿದ್ದೆ, ಮರೆತಿದ್ದೆ. ಸುಮ್ನೆ ದುಡ್ಡು ದಂಡ.

ನಾಲ್ಕನೇ ಬ್ಯಾಚಿಗೆ ಡೋಸ್ ಇಳಿಸಿದೆ. 24ನೇ ದಿನ ಬಾಲದ ನಾಳಕ್ಕೆ ಕುರಿ ಕೋಶ, 28ಕ್ಕೆ ಸ್ಪ್ಲೀನ್. ತೂಕ ಸರಿ, ಥೈಮಸ್ ಸರಿ. ಸ್ಲೈಡ್ ಬೆಳಕಿಗೆ ಹಿಡಿದರೆ ಕಂಟ್ರೋಲಿನಲ್ಲಿ ಕೆಂಪು ಹಾಸಿನ ತುಂಬ ಸೂಜಿಮೊನೆಯಂಥ ತೂತುಗಳು. ಪಿಎಫ್‌ಒಎಸ್ ಸ್ಲೈಡಿನಲ್ಲಿ ಅದರ ಅರ್ಧವೂ ಇಲ್ಲ. ಇಲಿ ಗುಂಡಗೆ ಓಡಾಡಿಕೊಂಡಿದ್ದರೂ ಪ್ರತಿಕಾಯ ಮಾಡೋದು ಕುಂಠಿತವಾಗಿತ್ತು. ನನಗೆ ಬೇಕಿದ್ದದ್ದು ಇದೇ.

ಎಲೈಸಾ ಅಂದವರಲ್ಲೊಬ್ಬನ ಕೈಗೇ ಲೇಬಲ್ ಮುಚ್ಚಿದ ಸ್ಲೈಡ್ ಕೊಟ್ಟೆ. ಅವನ ಎಣಿಕೆಗೂ ನನ್ನದಕ್ಕೂ ಶೇಕಡಾ ಹತ್ತರ ವ್ಯತ್ಯಾಸವೂ ಇರಲಿಲ್ಲ. ಮಾರನೇ ದಿನ ಮೆತ್ತಗೆ ಬಂದು ಕುರಿ ನಂಬರ್ ಕೇಳಿದ. ಕಾಫಿ ಕೊಡಿಸಿ ಕಳಿಸಿದೆ.